ಹೊಸ ಡೀಸೆಲ್ ಪಿಕಪ್, ಮೊದಲ ಚಳಿಗಾಲ: ದುಡ್ಡು ಮೊದಲು ಎಲ್ಲಿಗೆ?

ಕೆನಡಾದ ಎಡ್ಮಂಟನ್‌ನಲ್ಲಿ ಅಕ್ಟೋಬರ್ ಬಂತೆಂದರೆ ನಮ್ಮ ಗ್ಯಾರೇಜಿನ ಮುಂದೆ ಹೊಸ ಪಿಕಪ್‌ಗಳು ಸಾಲಾಗಿ ನಿಲ್ಲುತ್ತವೆ. ರ‍್ಯಾಮ್ 2500, ಫೋರ್ಡ್ ಎಫ್-250, ಜಿಎಂಸಿ ಸಿಯೆರಾ. ಯಾವುದೂ ಕೆಟ್ಟು ಬಂದದ್ದಲ್ಲ. "ಟ್ಯೂನರ್ ಹಾಕಿಕೊಡಿ, ಪವರ್ ಇನ್ನೂ ಜಾಸ್ತಿ ಬೇಕು" ಅಂತ ಬಂದವು. ಟ್ಯೂನರ್ ಅಂದರೆ ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಪವರ್ ಏರಿಸುವ ಉಪಕರಣ. ನಾನು ಮೊದಲು ಕೇಳುವುದೇ ಬೇರೆ. ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಿ? ಅಲ್ಲಿ ಪ್ಲಗ್ ಪಾಯಿಂಟ್ ಇದೆಯಾ?

ಇಲ್ಲಿ ಜನವರಿಯಲ್ಲಿ ಮೈನಸ್ 30 ಡಿಗ್ರಿ ಯಾರಿಗೂ ಹೊಸದಲ್ಲ. ಆ ಚಳಿಯಲ್ಲಿ ಡೀಸೆಲ್ ಎಂಜಿನ್ನಿಗೆ ಬೇಕಾದ್ದು ಮೂರು: ಬಿಸಿ, ಸರಾಗವಾಗಿ ಹರಿಯುವ ಡೀಸೆಲ್, ಕೈಕೊಡದ ಬ್ಯಾಟರಿ. ಹೊಸ ಗಾಡಿಗೆ ಹಾಕುವ ದುಡ್ಡು ಮೊದಲು ಈ ಮೂರಕ್ಕೆ ಹೋಗಲಿ. ಪವರ್ ಆಮೇಲೆ.

ನಮ್ಮೂರಿನಿಂದ ಬಂದವರಿಗೆ ಡೀಸೆಲ್ ಗಟ್ಟಿಯಾಗುತ್ತದೆ ಅನ್ನುವುದೇ ಹೊಸ ಸುದ್ದಿ. ಡೀಸೆಲ್ಲಿನಲ್ಲಿ ಮೇಣದ ಅಂಶ ಇರುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಳ್ಳಗಾಗುತ್ತದಲ್ಲ, ಹಾಗೆ. ಮೊದಲು ಸಣ್ಣ ಹರಳು ಮೂಡಿ ಡೀಸೆಲ್ ಮಸುಕಾಗುತ್ತದೆ. ಆ ಉಷ್ಣತೆಗೆ ಕ್ಲೌಡ್ ಪಾಯಿಂಟ್ ಅಂತಾರೆ. ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ನೀರಾಗಿಯೇ ಇರುತ್ತದೆ, ಆದರೆ ಹರಳುಗಳು ಫಿಲ್ಟರಿನಲ್ಲಿ ಸಿಕ್ಕಿಕೊಂಡು ದಾರಿ ಮುಚ್ಚುತ್ತವೆ. ಹಾಗಾಗಿ ಗಾಡಿ ಬೆಳಿಗ್ಗೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಎಳೆಯುವ ಬಲ ಕಳೆದುಕೊಂಡು ಹೆದ್ದಾರಿ ಮಧ್ಯೆ ನಿಲ್ಲುತ್ತದೆ.

ಕೆನಡಾದ ಬಂಕುಗಳಲ್ಲಿ ಆಯಾ ಪ್ರದೇಶದ ಚಳಿಗೆ ತಕ್ಕಂತೆ ಚಳಿಗಾಲದ ಡೀಸೆಲ್ ಬರುತ್ತದೆ. ತೊಂದರೆ ಆಗುವುದು ಬೇರೆ ಕಡೆಯ ಡೀಸೆಲ್ಲಿನಿಂದ. ವ್ಯಾಂಕೂವರ್ ಕಡೆ ಚಳಿ ಕಡಿಮೆ. ಅಲ್ಲಿ ಫುಲ್ ಟ್ಯಾಂಕ್ ಮಾಡಿಸಿಕೊಂಡು ರಾಕಿ ಬೆಟ್ಟ ದಾಟಿ ಬಂದರೆ ಇಲ್ಲಿನ ಮೈನಸ್ 30ಕ್ಕೆ ಆ ಡೀಸೆಲ್ ತಡೆಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಗಾಡಿಯ ಹಿಂಭಾಗದಲ್ಲಿ ಸ್ಲಿಪ್ ಟ್ಯಾಂಕ್, ಅಂದರೆ ಹೆಚ್ಚುವರಿ ಡೀಸೆಲ್ ಟ್ಯಾಂಕ್ ಇಟ್ಟುಕೊಂಡವರು ಸೆಪ್ಟೆಂಬರ್‌ನ ಡೀಸೆಲ್ಲನ್ನೇ ಡಿಸೆಂಬರ್‌ನಲ್ಲಿ ಸುರಿಯುತ್ತಾರೆ. ಅದಕ್ಕೇ ಹೇಳುವುದು, ಹಳೇ ಸ್ಟಾಕ್ ಶರತ್ಕಾಲದಲ್ಲೇ ಖಾಲಿ ಮಾಡಿ. ಡೀಸೆಲ್ ಗಟ್ಟಿಯಾಗದಂತೆ ತಡೆಯುವ ಆಂಟಿ-ಜೆಲ್ ಹಾಕುವುದಾದರೆ ಡೀಸೆಲ್ ಮಸುಕಾಗುವ ಮುಂಚೆಯೇ, ಬಂಕಿನಲ್ಲಿ ತುಂಬಿಸುವಾಗಲೇ ಹಾಕಿ. ಹರಳು ಕಟ್ಟಿದ ಮೇಲೆ ಅದನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಆಗ ಬೇಕಾಗುವುದು ಹರಳು ಕರಗಿಸುವ ಬೇರೆಯೇ ತುರ್ತು ದ್ರಾವಣದ ಬಾಟಲಿ, ಜೊತೆಗೆ ಒಂದು ಹೊಸ ಫಿಲ್ಟರ್. ಎರಡನ್ನೂ ಸೀಟಿನ ಕೆಳಗೆ ಇಟ್ಟುಕೊಂಡಿರಿ. ಅಂದಹಾಗೆ, ಭಾರತದಲ್ಲೂ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಅದಕ್ಕೆ ಮುಂಚೆ ಅಲ್ಲಿನ ಡ್ರೈವರ್‌ಗಳು ಪಟ್ಟ ಪಾಡು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಬಿಸಿಯ ವಿಚಾರ. ಬ್ಲಾಕ್ ಹೀಟರ್ ಅಂದರೆ ಎಂಜಿನ್ನಿನ ಕೂಲಂಟನ್ನು ಕರೆಂಟಿನಿಂದ ಬೆಚ್ಚಗಿಡುವ ಸಣ್ಣ ಕಾಯಿಲ್. ರ‍್ಯಾಮ್‌ನ ಕಮಿನ್ಸ್ ಎಂಜಿನ್ನಿನಲ್ಲಿ ಅದು 750 ವ್ಯಾಟ್. ರಾತ್ರಿಯೆಲ್ಲ ಹಾಕಿಡಬೇಕಿಲ್ಲ, ಹೊರಡುವ ಮುಂಚೆ ಮೂರ್ನಾಲ್ಕು ಗಂಟೆ ಸಾಕು. ಹೊರಗಿನ ಬಳಕೆಗೆ ಮಾಡಿದ ಟೈಮರ್ ಹಾಕಿದರೆ ಕರೆಂಟ್ ಬಿಲ್ಲೂ ಉಳಿಯುತ್ತದೆ. 2024ರ ಜನವರಿ 13ರ ಸಂಜೆ ನಮ್ಮ ಆಲ್ಬರ್ಟಾ ಪ್ರಾಂತ್ಯದಲ್ಲಿ ಕರೆಂಟ್ ಸಾಲದೆ ತುರ್ತು ಸಂದೇಶ ಬಂದಿತ್ತಲ್ಲ, ಅಂಥ ಹೊತ್ತಿನಲ್ಲಿ ಟೈಮರ್ ಇಟ್ಟವರು ಊರಿಗೂ ಉಪಕಾರ ಮಾಡಿದಂತೆ.

ಹೀಟರ್ ಕೆಲಸ ಮಾಡುತ್ತಿದೆಯೇ ಎಂದು ಮೊದಲ ಚಳಿಗೆ ಮುಂಚೆ ನೋಡಿಕೊಳ್ಳಿ. ಕೆಲವು ಟ್ರಕ್ಕುಗಳಲ್ಲಿ ಕಾಯಿಲ್ ಇರುತ್ತದೆ, ವೈರೇ ಇರುವುದಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕು. ವೈರ್ ಇದ್ದರೆ ಮಲ್ಟಿಮೀಟರ್ ತಗೊಂಡು ಪ್ಲಗ್ಗಿನ ಎರಡು ಚಪ್ಪಟೆ ಪಿನ್ನುಗಳ ನಡುವೆ ಓಮ್ಸ್ ನೋಡಿ. 750 ವ್ಯಾಟ್ ಕಾಯಿಲ್ ಆದರೆ ಸುಮಾರು 19 ಓಮ್ ತೋರಿಸಬೇಕು. ಪ್ಲಗ್ ಹಾಕಿದಾಗ ಆರು ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಓಮ್ಸ್ ಏನೂ ಬರದಿದ್ದರೆ ಕಾಯಿಲ್ ಹೋಗಿದೆ ಅಂತ ತಕ್ಷಣ ತೀರ್ಮಾನಿಸಬೇಡಿ. ಜಿಎಂನ ಡ್ಯುರಾಮ್ಯಾಕ್ಸ್ ಗಾಡಿಗಳ ವೈರಿನಲ್ಲೇ ಒಂದು ಥರ್ಮೋಸ್ಟಾಟ್ ಇರುತ್ತದೆ. ಮೈನಸ್ 18ಕ್ಕಿಂತ ಕೆಳಗೆ ಇಳಿಯುವ ತನಕ ಅದು ಕರೆಂಟನ್ನೇ ಬಿಡುವುದಿಲ್ಲ. ಬೆಚ್ಚಗಿನ ಗ್ಯಾರೇಜಿನಲ್ಲಿ ನೋಡಿ "ಹೀಟರ್ ಸತ್ತಿದೆ" ಅಂದುಕೊಂಡು ಸುಮ್ನೆ ದುಡ್ಡು ಕಳೆಯುವವರು ಇದ್ದಾರೆ. ಪಿನ್ನುಗಳು ಕಪ್ಪಾಗಿದ್ದರೆ, ತುಕ್ಕು ಹಿಡಿದಿದ್ದರೆ ಮಾತ್ರ ವೈರ್ ಬದಲಾಯಿಸಲೇಬೇಕು. ಎಕ್ಸ್‌ಟೆನ್ಷನ್ ವೈರ್ ಕೂಡ ದಪ್ಪದ್ದೇ ಇರಲಿ. ತೆಳ್ಳನೆಯದು ಬಿಸಿಯಾಗಿ ಕರಗುತ್ತದೆ.

ಬ್ಯಾಟರಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೈನಸ್ 18ರಲ್ಲಿ ಅದರ ಬಲ ಸುಮಾರು ಅರ್ಧಕ್ಕಿಳಿಯುತ್ತದೆ, ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸುವುದೂ ಕಷ್ಟವಾಗುತ್ತದೆ. ಈ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಇರುತ್ತವೆ. ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಇಲ್ಲದಿದ್ದರೆ ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ.

ಆಯಿಲ್ ಡಬ್ಬಿ ಮೇಲಿನ ಡಬ್ಲ್ಯುಗಿಂತ ಮೊದಲು ಬರುವ ಅಂಕಿ ನೋಡಿ. ಎಂಜಿನ್ ಸುಲಭವಾಗಿ ತಿರುಗುತ್ತದೆಯೇ ಎಂದು 15ಡಬ್ಲ್ಯು ಆಯಿಲ್ಲನ್ನು ಪರೀಕ್ಷಿಸುವುದು ಮೈನಸ್ 20ರಲ್ಲಿ, 5ಡಬ್ಲ್ಯು ಅನ್ನು ಮೈನಸ್ 30ರಲ್ಲಿ, 0ಡಬ್ಲ್ಯು ಅನ್ನು ಮೈನಸ್ 35ರಲ್ಲಿ. ಬೆಂಗಳೂರಿನ ಲಾರಿಗೆ 15ಡಬ್ಲ್ಯು-40 ಸರಿ. ಇಲ್ಲಿನ ಚಳಿಗಾಲಕ್ಕೆ ನಿಮ್ಮ ಮ್ಯಾನುಯಲ್ ಒಪ್ಪುವ 5ಡಬ್ಲ್ಯು-40 ಸಿಂಥೆಟಿಕ್ ಹಾಕಿಸಿ. ಕೂಲಂಟಿಗೂ ಇಂಥದೇ ಲೆಕ್ಕ. ಅರ್ಧಕ್ಕರ್ಧ ನೀರು ಬೆರೆಸಿದ್ದು ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಇಲ್ಲಿಗಿಂತ ಉತ್ತರಕ್ಕೆ, ಯೆಲ್ಲೋನೈಫ್ ಕಡೆ ಓಡಾಡುವವರು 60 ಪಾಲು ಕೂಲಂಟ್, 40 ಪಾಲು ನೀರು ಇಟ್ಟುಕೊಳ್ಳಿ.

ಇನ್ನು ಐಡ್ಲಿಂಗ್. ಗಾಡಿ ಸ್ಟಾರ್ಟ್ ಮಾಡಿ ಅರ್ಧ ಗಂಟೆ ನಿಲ್ಲಿಸಿ ಬಿಸಿ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಡೀಸೆಲ್ ಎಂಜಿನ್ ನಿಂತಲ್ಲೇ ಓಡುವಾಗ ಬಿಸಿ ಹುಟ್ಟಿಸುವುದೇ ಕಡಿಮೆ. ಪೂರ್ತಿ ಉರಿಯದ ಡೀಸೆಲ್ ಆಯಿಲ್ಲಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ, ಮಸಿ ಹೋಗಿ ಅದನ್ನು ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂರುತ್ತದೆ. ಐದಾರು ನಿಮಿಷ ಬಿಟ್ಟು ನಿಧಾನವಾಗಿ ಹೊರಡಿ, ಎಂಜಿನ್ ಬಿಸಿಯಾಗುವ ತನಕ ಜೋರಾಗಿ ತುಳಿಯಬೇಡಿ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಓಡಿಸಿ. ಡಿಪಿಎಫ್‌ನ ಮಸಿ ಸುಡಬೇಕಾದರೆ ಹೊಗೆ 550 ಡಿಗ್ರಿ ಮೇಲೆ ಕಾಯಬೇಕು. ಮನೆಯಿಂದ ಕಾಫಿ ಅಂಗಡಿ ಟಿಮ್ ಹಾರ್ಟನ್ಸ್‌ಗೆ ಹೋಗಿಬರುವ ಓಡಾಟದಲ್ಲಿ ಅಷ್ಟು ಬಿಸಿ ಬರುವುದಿಲ್ಲ. ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿನಲ್ಲಿ ತುಂಬಿಸುವ ದ್ರವ ಡಿಇಎಫ್ ಮೈನಸ್ 11ಕ್ಕೇ ಹೆಪ್ಪುಗಟ್ಟುತ್ತದೆ, ಗಾಬರಿ ಬೇಡ. ಟ್ಯಾಂಕಿನೊಳಗೆ ಹೀಟರ್ ಇದೆ, ಅದು ಕರಗುವ ಮುಂಚೆಯೂ ಗಾಡಿ ಓಡುತ್ತದೆ. ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಕುತ್ತಿಗೆವರೆಗೆ ತುಂಬಿಸಬೇಡಿ. ಅದಕ್ಕೆ ಬೇರೇನನ್ನೂ ಬೆರೆಸಲೂ ಬೇಡಿ.

ಇಷ್ಟಾದ ಮೇಲೂ ಕೈಯಲ್ಲಿ ದುಡ್ಡಿದ್ದರೆ ಅಪ್‌ಗ್ರೇಡ್ ಮಾಡಿ. ಮನೆ ಹತ್ತಿರ ಪ್ಲಗ್ ಪಾಯಿಂಟ್ ಇಲ್ಲದವರಿಗೆ, ಸೈಟಿನಲ್ಲಿ ದಿನಗಟ್ಟಲೆ ಗಾಡಿ ನಿಲ್ಲಿಸುವವರಿಗೆ ನಾನು ಮೊದಲು ಹೇಳುವುದು ವೆಬಾಸ್ಟೊ ಅಥವಾ ಎಸ್ಪಾರ್ ಥರದ ಡೀಸೆಲ್ ಹೀಟರ್. ಟ್ಯಾಂಕಿನ ಡೀಸೆಲ್ಲನ್ನೇ ಉರಿಸಿ ಕೂಲಂಟ್ ಕಾಯಿಸುತ್ತದೆ. ಫುಲ್ ಉರಿದರೂ ಗಂಟೆಗೆ ಅರ್ಧ ಲೀಟರ್ ಆಸುಪಾಸು. ಬೆಲೆ ಜಾಸ್ತಿ, ಆದರೆ ಐಡ್ಲಿಂಗ್ ನಿಂತುಹೋಗುತ್ತದೆ. ಗ್ರಿಲ್ಲಿಗೆ ಮುಚ್ಚುವ ವಿಂಟರ್ ಕವರ್ ಅಗ್ಗ, ಒಳ್ಳೆಯದು. ಚಳಿ ಇಳಿದಾಗ, ಟ್ರೇಲರ್ ಎಳೆಯುವಾಗ ತೆಗೆದುಬಿಡಿ. ನೀರು ಬೇರ್ಪಡಿಸುವ ಇನ್ನೊಂದು ಫಿಲ್ಟರ್ ಕೂಡ ದುಡ್ಡಿಗೆ ಮೋಸವಿಲ್ಲ. ಬಾಷ್‌ನ ಸಿಪಿ4, ಅಂದರೆ ಡೀಸೆಲ್ಲನ್ನು ಎಂಜಿನ್ನಿಗೆ ತಳ್ಳುವ ಹೈಪ್ರೆಶರ್ ಪಂಪ್ ಇರುವ ಗಾಡಿಗಳಿಗಂತೂ ಬೇಕೇ ಬೇಕು. ಆ ಪಂಪಿಗೆ ಡೀಸೆಲ್ಲೇ ಗ್ರೀಸು, ನೀರು ಸೇರಿದರೆ ಒಳಗೆ ಸವೆದು ಲೋಹದ ಚೂರುಗಳನ್ನು ಇಂಜೆಕ್ಟರ್‌ಗಳಿಗೆ ಕಳಿಸುತ್ತದೆ. 2019 ಮತ್ತು 2020ರ ರ‍್ಯಾಮ್‌ಗಳಲ್ಲಿ ಈ ಪಂಪ್ ಹಾಕಿ, ಆಮೇಲೆ ಗಾಡಿಗಳನ್ನು ವಾಪಸ್ ಕರೆಸಿ, ಕಂಪನಿ ಹಳೆಯ ಸಿಪಿ3ಗೇ ಮರಳಿತು.

ಟ್ಯೂನರ್ ಕೇಳಿಕೊಂಡು ಬಂದವರಿಗೆ ನೇರವಾಗಿ ಹೇಳುತ್ತೇನೆ. ಫೋರ್ಡ್‌ನ ಹೈ ಔಟ್‌ಪುಟ್ ಎಂಜಿನ್ ಕಂಪನಿಯಿಂದಲೇ 500 ಹಾರ್ಸ್‌ಪವರ್, 1,200 ಪೌಂಡ್-ಫೀಟ್ ಟಾರ್ಕ್ ಕೊಡುತ್ತದೆ. ಇನ್ನೆಷ್ಟು ಬೇಕು? ಡಿಪಿಎಫ್ ಕಿತ್ತು ಹಾಕುವ ಡಿಲೀಟ್ ಕಾನೂನುಬಾಹಿರ, ವಾರಂಟಿಗೂ ಕುತ್ತು. ನಾನು ಮಾಡುವುದಿಲ್ಲ. ರ‍್ಯಾಮ್ ಎಂಜಿನ್ನುಗಳಲ್ಲಿ ಹೊಗೆ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರ್ ಇಟ್ಟ ಆರೋಪಕ್ಕೆ ಕಮಿನ್ಸ್ ಕಂಪನಿಯೇ ಅಮೆರಿಕದಲ್ಲಿ 167.5 ಕೋಟಿ ಡಾಲರ್ ದಂಡ ಒಪ್ಪಿಕೊಂಡಿತು.

ಆ ಟ್ಯೂನರ್ ದುಡ್ಡಿಗೆ ಬೇರೆ ರಿಮ್ ಸಮೇತ ನಾಲ್ಕು ವಿಂಟರ್ ಟೈರ್ ಕೊಳ್ಳಿ. ಟೈರಿನ ಪಕ್ಕದ ಗೋಡೆಯ ಮೇಲೆ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರಬೇಕು. ಗಾಡಿಯ ತೂಕ ತಡೆಯುವ ಲೋಡ್ ರೇಂಜ್ ಇ ಇರಬೇಕು. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿಯಲು ಶುರುವಾದಾಗಲೇ ಹಾಕಿಸಿ. ಆಲ್ಬರ್ಟಾದಲ್ಲಿ ಕಡ್ಡಾಯವಿಲ್ಲ. ಆದರೆ ಬ್ಯಾನ್ಫ್ ದಾಟಿ ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಿಗೆ ಇಳಿದರೆ ಅಕ್ಟೋಬರ್ 1ರಿಂದ ಚಳಿಗಾಲದ ಟೈರ್ ಬೇಕೇ ಬೇಕು. ಇಲ್ಲದಿದ್ದರೆ ಪೊಲೀಸರು ದಂಡ ಹಾಕಿ ವಾಪಸ್ ಕಳಿಸಬಹುದು.