ಇಂಗ್ಲಿಷ್‌ನಲ್ಲಿ ವ್ಯಕ್ತಿಗಳ ಹೆಸರು: ಎಲ್ಲಿ ಕ್ಯಾಪಿಟಲ್, ಎಲ್ಲಿ ಸ್ಮಾಲ್?

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಎರಡು ಬಗೆ ಇಲ್ಲ. ಹಾಗಾಗಿ ಇಂಗ್ಲಿಷ್ ಬರೆಯುವಾಗ ಈ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಬೇಕು. ಮೂಲ ನಿಯಮ ಸುಲಭ. ವ್ಯಕ್ತಿಯ ಹೆಸರು ವಾಕ್ಯದಲ್ಲಿ ಎಲ್ಲೇ ಬರಲಿ, ಅದರ ಪ್ರತಿ ಭಾಗದ ಮೊದಲ ಅಕ್ಷರ ಕ್ಯಾಪಿಟಲ್. ಐಸಾಕ್ ನ್ಯೂಟನ್ ಅಂತ ಬರೆದರೆ ಐ, ಎನ್ ಎರಡೂ ಕ್ಯಾಪಿಟಲ್. ಸಿ. ವಿ. ರಾಮನ್ ಹೆಸರಿನ ಇನಿಶಿಯಲ್‌ಗಳೂ ಅಷ್ಟೇ.

ಇಲ್ಲಿಯವರೆಗೆ ಕಷ್ಟ ಏನಿಲ್ಲ. ತೊಡಕು ಶುರುವಾಗುವುದು ಮದರ್, ಅಂಕಲ್, ಪ್ರೆಸಿಡೆಂಟ್ ಥರದ ಪದಗಳಲ್ಲಿ. ಇವು ಕೆಲವು ಸಲ ಹೆಸರಿನ ಜಾಗದಲ್ಲಿ ಕೂರುತ್ತವೆ, ಕೆಲವು ಸಲ ಬರೀ ಸಂಬಂಧವನ್ನೋ ಹುದ್ದೆಯನ್ನೋ ಹೇಳುತ್ತವೆ. 'ಐ ಆಸ್ಕ್ಡ್ ಮದರ್' ಅನ್ನುವಲ್ಲಿ ಎಂ ಕ್ಯಾಪಿಟಲ್. 'ಐ ಆಸ್ಕ್ಡ್ ಮೈ ಮದರ್' ಅನ್ನುವಲ್ಲಿ ಎಂ ಸ್ಮಾಲ್. ಗೊಂದಲ ಆದರೆ ಮದರ್ ತೆಗೆದು ಮೇರಿ ಅಂತ ಹಾಕಿ ಓದಿ. 'ಐ ಆಸ್ಕ್ಡ್ ಮೇರಿ' ಸರಾಗವಾಗಿ ಕೇಳುತ್ತದೆ. 'ಐ ಆಸ್ಕ್ಡ್ ಮೈ ಮೇರಿ' ಎಲ್ಲೋ ತಡೆಯುತ್ತದೆ, ಅಲ್ವಾ? ತಡೆದರೆ ಸ್ಮಾಲ್ ಹಾಕಿ. ಈ ಒಂದು ಪರೀಕ್ಷೆ ಕೈಗೆ ಹತ್ತಿದರೆ ಅರ್ಧ ಗೊಂದಲ ಹೋದಂತೆಯೇ.

ಹುದ್ದೆಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. 'ಪ್ರೆಸಿಡೆಂಟ್ ಲಿಂಕನ್' ಅಂದಾಗ ಹುದ್ದೆ ಹೆಸರಿಗೆ ಅಂಟಿಕೊಂಡಿದೆ, ಪಿ ಕ್ಯಾಪಿಟಲ್. 'ಲಿಂಕನ್ ವಾಸ್ ಎ ಪ್ರೆಸಿಡೆಂಟ್' ಅಂದಾಗ ಸ್ಮಾಲ್. ಅಷ್ಟು ದೊಡ್ಡ ಹುದ್ದೆಗೆ ಚಿಕ್ಕಕ್ಷರವೇ ಅಂತ ಮನಸ್ಸು ಹಿಂಜರಿಯಬಹುದು. ಆದರೆ ಇಲ್ಲಿ ಗೌರವದ ಪ್ರಶ್ನೆಯೇ ಬರುವುದಿಲ್ಲ. ಸುಮ್ನೆ ಗೌರವಕ್ಕೆ ಅಂತ ಕ್ಯಾಪಿಟಲ್ ಹಾಕಬೇಡಿ.

ಹೆಸರಿನ ನಡುವಿನ ಪುಟ್ಟ ಪದಗಳನ್ನೂ ನೋಡಿಕೊಳ್ಳಿ. ಅಲೆಕ್ಸಾಂಡರ್ ದ ಗ್ರೇಟ್ ಅನ್ನುವಲ್ಲಿ 'ದ' ಸ್ಮಾಲ್, 'ಗ್ರೇಟ್' ಕ್ಯಾಪಿಟಲ್. ವಿನ್ಸೆಂಟ್ ವ್ಯಾನ್ ಗೋ ಹೆಸರಲ್ಲಿ 'ವ್ಯಾನ್' ಪದದ ವಿ ಸ್ಮಾಲ್. ಆದರೆ ವಾಕ್ಯವೇ 'ವ್ಯಾನ್ ಗೋ' ಅಂತ ಶುರುವಾದರೆ ಅದೇ ವಿ ಕ್ಯಾಪಿಟಲ್ ಆಗುತ್ತದೆ.

ವಿಜ್ಞಾನ ಓದುವವರಿಗೆ ಇನ್ನೊಂದು ಮಾತು, ಯಾಕೆಂದರೆ ಪರೀಕ್ಷೆಯಲ್ಲಿ ಇದು ಪದೇ ಪದೇ ಎದುರಾಗುತ್ತದೆ. ನ್ಯೂಟನ್ ಎಂಬ ವ್ಯಕ್ತಿಗೆ ಕ್ಯಾಪಿಟಲ್ ಎನ್. ನ್ಯೂಟೋನಿಯನ್ ಅನ್ನುವ ವಿಶೇಷಣಕ್ಕೂ ಕ್ಯಾಪಿಟಲ್. ಆದರೆ ಬಲವನ್ನು ಅಳೆಯುವ ಮಾನವಾದ ನ್ಯೂಟನ್ ಅನ್ನು ಪೂರ್ತಿ ಬರೆದಾಗ ಸ್ಮಾಲ್ ಎನ್, ಅದರ ಸಂಕೇತ ಮಾತ್ರ ಕ್ಯಾಪಿಟಲ್ ಎನ್. ವ್ಯಾಟ್, ಜೌಲ್ ಕೂಡ ಹಾಗೆಯೇ. ಡಿಗ್ರಿ ಸೆಲ್ಸಿಯಸ್ ಸ್ವಲ್ಪ ಬೇರೆ: ಅಲ್ಲಿ ಡಿ ಸ್ಮಾಲ್, ಸಿ ಯಾವಾಗಲೂ ಕ್ಯಾಪಿಟಲ್.