ಈಜು ತಂಡದ ಲೆಕ್ಕದಲ್ಲಿ ಗೇಟು ದಾಟುವ ಹಣ ಎಷ್ಟು?

ಅಮೆರಿಕದ ಒಂದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಜಮಾ-ಖರ್ಚು ನೋಡಿಕೊಳ್ಳುವುದು ನನ್ನ ಕೆಲಸ. ಮುಂದಿನ ವರ್ಷದ ಅಂದಾಜುಪಟ್ಟಿ ಮೇಜಿಗೆ ಬಂದಾಗಲೆಲ್ಲ ಮೇಲಧಿಕಾರಿಗಳ ಬೆರಳು ಈಜು, ಟೆನಿಸ್, ಜಿಮ್ನಾಸ್ಟಿಕ್ಸ್ ತಂಡಗಳ ಸಾಲಿಗೆ ಬಂದು ನಿಲ್ಲುತ್ತದೆ. ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಮತ್ತು ಪುರುಷರ ಬಾಸ್ಕೆಟ್‌ಬಾಲ್ ಬಿಟ್ಟರೆ, ಟಿಕೆಟ್ಟು ಮತ್ತು ಟಿವಿ ಹಕ್ಕಿನ ಹಣದಲ್ಲಿ ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳುವ ಕಾಲೇಜು ಕ್ರೀಡೆ ಇಲ್ಲಿ ಅಪರೂಪ.

ಈ ಒತ್ತಡ ಹಳೆಯದು. 1994ರಲ್ಲೇ ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯ ತನ್ನ ಪುರುಷರ ಈಜು ತಂಡವನ್ನು ಮುಚ್ಚಿತ್ತು. ಆದರೆ 2025ರ ಜೂನ್‌ನಲ್ಲಿ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ವಿರುದ್ಧ ಕ್ರೀಡಾಪಟುಗಳು ಹೂಡಿದ್ದ ‘ಹೌಸ್’ ಪ್ರಕರಣದ ರಾಜಿ ಒಪ್ಪಂದಕ್ಕೆ ನ್ಯಾಯಾಲಯ ಒಪ್ಪಿಗೆ ಕೊಟ್ಟ ಮೇಲೆ ಲೆಕ್ಕವೇ ಬದಲಾಯಿತು. ವಿಶ್ವವಿದ್ಯಾಲಯಗಳು ಈಗ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದು. 2025-26ರಲ್ಲಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಅದರ ಮಿತಿ ಸುಮಾರು 2.05 ಕೋಟಿ ಡಾಲರ್. ಅದರಲ್ಲಿ ಬಹುಪಾಲು ಹೋಗುವುದು ಫುಟ್‌ಬಾಲ್‌ಗೆ. ಒಪ್ಪಿಗೆಯ ಮುದ್ರೆ ಬೀಳುವ ಮೊದಲೇ, ಆ ವರ್ಷದ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ ಇದೇ ಹೊರೆಯನ್ನು ಮುಂದಿಟ್ಟು ತನ್ನ ಈಜು ತಂಡಗಳನ್ನು ನಿಲ್ಲಿಸಿತು. ಹೊಸ ನಿಯಮದ ಇನ್ನೊಂದು ಮುಖವೂ ಇದೆ. ಹಿಂದೆ ಪುರುಷರ ಈಜು ತಂಡಕ್ಕೆ ಒಟ್ಟು 9.9, ಮಹಿಳೆಯರ ತಂಡಕ್ಕೆ 14 ಪೂರ್ಣ ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು. ಈಗ ಆ ಮಿತಿ ಹೋಗಿ, ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೆ 30 ಮಂದಿ ಎಂಬ ಮಿತಿ ಬಂದಿದೆ. ಮೂವತ್ತು ಮಂದಿಗೂ ಸ್ಕಾಲರ್‌ಶಿಪ್ ಕೊಡಬಹುದು ಎಂದು ಕಾಗದ ಹೇಳುತ್ತದೆ. ಕೊಡುವ ಹಣವನ್ನು ಮಾತ್ರ ಕಾಗದ ತರುವುದಿಲ್ಲ.

ಒಮ್ಮೆ ನಮ್ಮ ಈಜು ಕೋಚ್ ತನ್ನ ತಂಡದ ಖರ್ಚಿನ ಪಟ್ಟಿಯನ್ನೂ ಒಂದು ಹಳದಿ ಪೆನ್ನನ್ನೂ ಹಿಡಿದು ನನ್ನೆದುರು ಬಂದು ಕುಳಿತರು. ‘ಇದರಲ್ಲಿ ಯಾವ ಯಾವ ಸಾಲಿನ ಹಣ ಕ್ಯಾಂಪಸ್ಸಿನ ಗೇಟು ದಾಟಿ ಹೊರಗೆ ಹೋಗುತ್ತದೆ, ಅದಕ್ಕಷ್ಟೇ ಬಣ್ಣ ಹಚ್ಚಿ ಕೊಡಿ’ ಎಂದರು. ಕೋಚ್‌ಗಳ ಸಂಬಳ, ಬಸ್ಸು, ವಿಮಾನ, ಹೋಟೆಲು, ಸ್ಪರ್ಧೆಯ ಈಜುಡುಗೆ ಇವಕ್ಕೆ ಬಣ್ಣ ಬಿತ್ತು. ಸ್ಕಾಲರ್‌ಶಿಪ್ಪಿನ ದೊಡ್ಡ ಮೊತ್ತಕ್ಕೆ ಬೀಳಲಿಲ್ಲ, ಏಕೆಂದರೆ ಬೋಧನಾ ಶುಲ್ಕದ ಮಟ್ಟಿಗೆ ಅದು ಕ್ರೀಡಾ ವಿಭಾಗದ ಜೇಬಿನಿಂದ ಅದೇ ವಿಶ್ವವಿದ್ಯಾಲಯದ ಇನ್ನೊಂದು ಜೇಬಿಗೆ ಹೋಗುವ ಹಣ. ಕೊಳದ ಬಾಡಿಗೆಗೂ ಬೀಳಲಿಲ್ಲ. ತಂಡ ಇರಲಿ ಬಿಡಲಿ, ಉಳಿದ ವಿದ್ಯಾರ್ಥಿಗಳಿಗಾಗಿ ಆ ನೀರನ್ನು ಕಾಯಿಸಲೇಬೇಕು, ಕ್ಲೋರಿನ್ ಹಾಕಲೇಬೇಕು. ಅಷ್ಟು ವರ್ಷ ಆ ಪಟ್ಟಿಯನ್ನು ನಾನೇ ತಯಾರಿಸಿದ್ದರೂ ಅದನ್ನು ಹಾಗೆ ಓದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನು ತೆಗೆದುಕೊಳ್ಳೋಣ. ತಂಡದಲ್ಲಿ 30 ಮಂದಿ, ವರ್ಷದ ಶುಲ್ಕ 40,000 ಡಾಲರ್, ಹಂಚಿದ ಸ್ಕಾಲರ್‌ಶಿಪ್ ಹತ್ತು ಮಂದಿಯ ಪೂರ್ಣ ಶುಲ್ಕಕ್ಕೆ ಸಮ, ಗೇಟು ದಾಟುವ ಖರ್ಚು 6 ಲಕ್ಷ ಎಂದುಕೊಳ್ಳಿ. ಕ್ರೀಡಾ ವಿಭಾಗದ ಪುಸ್ತಕದಲ್ಲಿ ಇದು 10 ಲಕ್ಷ ಡಾಲರ್ ನಷ್ಟ. ಆದರೆ ಉಳಿದ ಇಪ್ಪತ್ತು ಮಂದಿಯ ಶುಲ್ಕವೆಂದು 8 ಲಕ್ಷ ವಿಶ್ವವಿದ್ಯಾಲಯದ ಖಾತೆಗೆ ಬಂದಿರುತ್ತದೆ, ಗೇಟು ದಾಟುವ 6 ಲಕ್ಷಕ್ಕಿಂತ ಅದು ಹೆಚ್ಚು. ನಮ್ಮ ಪುಸ್ತಕಕ್ಕೆ ಅದು ಕಾಣುವುದೇ ಇಲ್ಲ. ಒಂದು ಎಚ್ಚರಿಕೆಯನ್ನು ಹೇಳದೆ ಬಿಟ್ಟರೆ ತಪ್ಪಾದೀತು: ಸೀಟಿಗಾಗಿ ಸಾಲುಗಟ್ಟಿ ನಿಲ್ಲುವ ಹೆಸರಾಂತ ಕಾಲೇಜುಗಳಲ್ಲಿ ಈಜುಗಾರ ಬಿಟ್ಟ ಜಾಗಕ್ಕೆ ಇನ್ನೊಬ್ಬ ವಿದ್ಯಾರ್ಥಿ ಶುಲ್ಕ ಕಟ್ಟಿ ಬರುತ್ತಾನೆ, ಆದ್ದರಿಂದ ಈ ವಾದ ಅಲ್ಲಿ ನಿಲ್ಲುವುದಿಲ್ಲ. ಸೀಟು ಖಾಲಿ ಉಳಿಯುವ ಕಡೆ ಮಾತ್ರ ಇದಕ್ಕೆ ಬಲ. ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲದ, ಎನ್‌ಸಿಎಎಯ ಮೂರನೇ ಡಿವಿಷನ್‌ನ (ಮೂರನೇ ದರ್ಜೆಯ) ಎಷ್ಟೋ ಸಣ್ಣ ಕಾಲೇಜುಗಳು ದಾಖಲಾತಿ ಹೆಚ್ಚಲೆಂದೇ ಹೊಸ ತಂಡಗಳನ್ನು ಕಟ್ಟುವುದು ಈ ಕಾರಣಕ್ಕೆ.

ಕತ್ತರಿ ಎಲ್ಲಿ ಬೀಳುತ್ತದೆ ಎಂಬುದನ್ನು ಕಾನೂನೂ ನಿರ್ಧರಿಸುತ್ತದೆ. 2020ರ ಆಗಸ್ಟ್‌ನಲ್ಲಿ ಅಯೋವಾ ವಿಶ್ವವಿದ್ಯಾಲಯ ತನ್ನ ಎರಡೂ ಈಜು ತಂಡಗಳನ್ನು ನಿಲ್ಲಿಸುವುದಾಗಿ ಘೋಷಿಸಿತು. ಸ್ತ್ರೀ-ಪುರುಷ ಸಮಾನಾವಕಾಶದ 1972ರ ಟೈಟಲ್ ನೈನ್ ಕಾನೂನನ್ನು ಹಿಡಿದು ಮಹಿಳಾ ಈಜುಗಾರರು ನ್ಯಾಯಾಲಯಕ್ಕೆ ಹೋದರು, ಮರುವರ್ಷ ಅವರ ತಂಡ ಉಳಿಯಿತು. ಪುರುಷರಿಗೆ ಹಿಡಿಯಲು ಅಂಥ ಆಸರೆ ಇರಲಿಲ್ಲ, ಅವರ ತಂಡ ಹೋಯಿತು.

ತಂಡ ಮುಚ್ಚಿದ ಮೇಲೆ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಲು ಓಡಾಡುವುದು ಇಲ್ಲಿ ಮಾಮೂಲು. ಒಮ್ಮೊಮ್ಮೆ ಅದು ಫಲಿಸುವುದೂ ಉಂಟು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 2008ರಲ್ಲಿ ಕೈಬಿಟ್ಟ ಪುರುಷರ ಈಜು ತಂಡ ದಾನಿಗಳ ಹಣದಿಂದಲೇ ಮರಳಿತು. ಅದೇ ತಂಡ 2024ರಲ್ಲಿ ಎನ್‌ಸಿಎಎ ಪ್ರಶಸ್ತಿ ಗೆದ್ದಿತು, ಅದರ ಈಜುಗಾರ ಲಿಯೋನ್ ಮಾರ್ಷಾಂ ಆ ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿ ನಾಲ್ಕು ಒಲಿಂಪಿಕ್ ಚಿನ್ನ ಪಡೆದ. ಆದರೂ ವರ್ಷ ವರ್ಷ ಬೇಡಿ ತರುವ ದೇಣಿಗೆಯನ್ನು ನಾನು ನೆಚ್ಚುವುದಿಲ್ಲ. ನೆಚ್ಚುವುದು ದತ್ತಿ ನಿಧಿಯನ್ನು: ಮೂಲಧನವನ್ನು ಮುಟ್ಟದೆ ವರ್ಷಕ್ಕೆ ನೂರಕ್ಕೆ ನಾಲ್ಕು-ಐದರಷ್ಟನ್ನು ಮಾತ್ರ ಖರ್ಚಿಗೆ ತೆಗೆಯುವ ವ್ಯವಸ್ಥೆ. ಮೇಲಿನ ಉದಾಹರಣೆಯ 6 ಲಕ್ಷವನ್ನು ನೂರಕ್ಕೆ ನಾಲ್ಕರಂತೆ ತೆಗೆಯಬೇಕಾದರೆ ಒಂದೂವರೆ ಕೋಟಿ ಡಾಲರ್ ಬೇಕು. ಅಷ್ಟು ದೊಡ್ಡ ಮೊತ್ತ ತಂಡ ಮುಚ್ಚಿದ ಸುದ್ದಿ ಬಂದ ಮೂರು ತಿಂಗಳಲ್ಲಿ ಕೂಡುವುದಿಲ್ಲ. ತಂಡ ಚೆನ್ನಾಗಿರುವಾಗಲೇ ಒಂದೊಂದು ಕೋಚ್ ಹುದ್ದೆಯ, ಒಂದೊಂದು ಸ್ಕಾಲರ್‌ಶಿಪ್ಪಿನ ಹೆಸರಿನಲ್ಲಿ ಇಡುತ್ತ ಬರಬೇಕು.

ಬೆಂಗಳೂರಿನಿಂದ ಆಗಾಗ ಪರಿಚಿತರು ಫೋನ್ ಮಾಡುತ್ತಾರೆ. ಬೆಳಗಿನ ಜಾವ ಮಕ್ಕಳನ್ನು ಬಸವನಗುಡಿಯ ಕೊಳಕ್ಕೆ ಕರೆದೊಯ್ಯುವ ತಂದೆತಾಯಿಗಳು ಅವರು, ಅಮೆರಿಕದ ಯಾವ ಕಾಲೇಜಿನ ತಂಡ ಒಳ್ಳೆಯದು ಎಂದು ಕೇಳುತ್ತಾರೆ. ಸ್ಕಾಲರ್‌ಶಿಪ್ ಎಷ್ಟು ಎಂಬುದರ ಜೊತೆಗೆ, ತಂಡಕ್ಕೆ ದತ್ತಿ ಇದೆಯೇ, ತಂಡ ನಿಂತುಹೋದರೆ ಮಗುವಿನ ಸ್ಕಾಲರ್‌ಶಿಪ್ ಪದವಿ ಮುಗಿಯುವವರೆಗೆ ಉಳಿಯುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ ಎಂದು ಅವರಿಗೆ ಹೇಳುತ್ತೇನೆ.