ಪಂಪ್ ಬಿಸಾಡುವ ಮೊದಲು ಒಂದು ಬಕೆಟ್ ನೀರು

ಹೈಡ್ರೋಪೋನಿಕ್ಸ್ ಅಂದರೆ ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವುದು; ಆ ನೀರನ್ನು ಟ್ಯಾಂಕಿನಿಂದ ಬೇರಿಗೆ ಎತ್ತುವುದು ಒಂದು ಸಣ್ಣ ಪಂಪ್. ಅದರ ರಿಪೇರಿಗೆ ಯಾರದ್ದಾದರೂ ಮನೆಗೆ ಹೋದಾಗ ನಾನು ಮೊದಲು ಕೇಳುವುದು ಒಂದು ಬಕೆಟ್. ಸ್ಕ್ರೂಡ್ರೈವರ್, ಮಲ್ಟಿಮೀಟರ್ ಎಲ್ಲಾ ಬ್ಯಾಗಿನಲ್ಲೇ ಇರುತ್ತವೆ, ಅವು ಆಮೇಲೆ. ‘ಪಂಪ್ ಸತ್ತುಹೋಗಿದೆ, ಬರುವಾಗ ಹೊಸದು ತಂದುಬಿಡಿ’ ಎಂದು ಕರೆಸಿಕೊಂಡವರ ಮನೆಯಲ್ಲಿ ಎಷ್ಟೋ ಸಲ ಹಳೇ ಪಂಪೇ ಬಕೆಟ್‌ನಲ್ಲಿ ಚೆನ್ನಾಗಿ ನೀರು ಚಿಮ್ಮಿದೆ. ಕೆಟ್ಟಿದ್ದು ಪಂಪಲ್ಲ, ಅದರ ಸುತ್ತ ಇನ್ನೇನೋ.

ಬಕೆಟ್‌ಗಿಂತ ಮೊದಲು ಗಿಡ. ಪಂಪ್ ಬಿಚ್ಚಿಕೊಂಡು ಕೂತವರು ಗಿಡವನ್ನೇ ಮರೆತುಬಿಡುತ್ತಾರೆ. ಇಳಿಜಾರು ಪೈಪಿನಲ್ಲಿ ತೆಳ್ಳಗೆ ನೀರು ಹರಿಯುವ ಎನ್‌ಎಫ್‌ಟಿ ಪದ್ಧತಿಯಲ್ಲಿ ಬೇರಿಗೆ ಸಿಗುವುದೇ ಎರಡು ಮೂರು ಮಿಲಿಮೀಟರ್ ನೀರು. ಬಿಸಿಲು ಜೋರಿದ್ದರೆ ಒಂದೆರಡು ಗಂಟೆಯಲ್ಲಿ ಲೆಟ್ಯೂಸ್ ಜೋತುಬೀಳುತ್ತದೆ. ಬೇರಿಗೆ ನೀರು ಸಿಂಪಡಿಸುವ ಏರೋಪೋನಿಕ್ಸ್‌ನಲ್ಲಿ ಅಷ್ಟು ಹೊತ್ತೂ ಇಲ್ಲ. ಕೋಕೋಪೀಟ್ ಅಥವಾ ಮಣ್ಣಿನ ಗುಂಡು ತುಂಬಿದ ವ್ಯವಸ್ಥೆಯಾದರೆ ಪರವಾಗಿಲ್ಲ, ಅದು ಹಿಡಿದಿಟ್ಟ ತೇವದಲ್ಲೇ ಗಿಡ ಕೆಲವು ಗಂಟೆ ತಡೆದುಕೊಳ್ಳುತ್ತದೆ.

ಹಾಗಾಗಿ ಎನ್‌ಎಫ್‌ಟಿ ಇದ್ದವರು ಮೊದಲು ಪೈಪಿನ ಕೆಳತುದಿಯನ್ನು ಸ್ಪಂಜಿನಿಂದ ಅರ್ಧ ಮುಚ್ಚಿ. ಟ್ಯಾಂಕಿನ ನೀರನ್ನೇ ಮಗ್‌ನಲ್ಲಿ ತಂದು ಮೇಲಿನಿಂದ ಸುರಿಯಿರಿ. ಬೇರಿನ ತುದಿ ನೀರಲ್ಲಿ ನಿಂತರೆ ಸಾಕು. ಬಿಸಿಲಿದ್ದರೆ ಮೇಲೊಂದು ಬಟ್ಟೆ ಕಟ್ಟಿ. ಸೊರಗಿದೆ ಅಂತ ಗೊಬ್ಬರದ ದ್ರಾವಣ ಮಾತ್ರ ಜಾಸ್ತಿ ಮಾಡಬೇಡಿ. ಸೆಕೆಯಲ್ಲಿ ಗಿಡ ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಕುಡಿಯುತ್ತದೆ. ಟ್ಯಾಂಕಿನಲ್ಲಿ ಉಳಿದದ್ದು ಆಗಲೇ ಗಟ್ಟಿಯಾಗಿರುತ್ತದೆ, ಅದಕ್ಕೆ ಬರಿ ನೀರು ಸೇರಿಸಿದರೆ ಒಳ್ಳೆಯದು.

ಗಿಡಕ್ಕೆ ನೀರಾಯಿತಲ್ಲ, ಈಗ ಪಂಪ್. ಟ್ಯಾಂಕಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಗೊಬ್ಬರದ ನೀರಿನಲ್ಲಿ ಲವಣ ಇರುವುದರಿಂದ ಕರೆಂಟ್ ಸರಾಗವಾಗಿ ಹರಿಯುತ್ತದೆ. ಪಂಪ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದರೆ ಪಂಪಿನ ಒಳಗಿನ ತಂತಿ ಸುರುಳಿಯ ಮೇಲಿನ ಎಪಾಕ್ಸಿ ಹೊದಿಕೆಯೋ ವೈರೋ ಸೀಳಿರಬಹುದು. ಅಂಥ ಪಂಪನ್ನು ‘ಇನ್ನೊಂದು ಸಲ ನೋಡೋಣ’ ಅಂತ ನೀರಿಗೆ ಬಿಡಲೇಬಾರದು. ಅದು ಕಸಕ್ಕೇ ಸರಿ.

ಈಗ ಪರೀಕ್ಷೆ. ಪೈಪ್, ಫಿಲ್ಟರ್ ಎಲ್ಲಾ ಕಳಚಿ ಬರೀ ಪಂಪನ್ನು ಬಕೆಟ್‌ನಲ್ಲಿ ಮುಳುಗಿಸಿ. ಒಂದು ಕಡೆ ಓರೆ ಮಾಡಿ, ಗುಳ್ಳೆ ಎಲ್ಲಾ ಹೊರಗೆ ಹೋಗಲಿ. ಕೈ ಹೊರಗೆ ತೆಗೆದು ಆನ್ ಮಾಡಿ. ಮೂರರಲ್ಲಿ ಒಂದಾಗುತ್ತದೆ. ಜೋರಾಗಿ ನೀರು ಎತ್ತುತ್ತದೆ, ಗುಂಯ್ ಅನ್ನುತ್ತದೆ ಆದರೆ ನೀರಿಲ್ಲ, ಇಲ್ಲವೇ ಉಸಿರೇ ಇಲ್ಲ.

ನೀರು ಎತ್ತಿದರೆ ಪಂಪಿನ ಮೇಲೆ ಅನುಮಾನ ಬಿಡಿ. ಇನ್ನು ನೋಡಬೇಕಾದ್ದು ಎತ್ತರ ಮತ್ತು ಪೈಪು. ಡಬ್ಬದ ಮೇಲೆ ‘ಗಂಟೆಗೆ 1000 ಲೀಟರ್, ಹೆಡ್ 1.5 ಮೀಟರ್’ ಎಂದು ಬರೆದಿರುತ್ತದೆ. ಓದಿದವರು ಒಂದೂವರೆ ಮೀಟರ್ ಎತ್ತರಕ್ಕೆ ಗಂಟೆಗೆ ಸಾವಿರ ಲೀಟರ್ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಸಾವಿರ ಲೀಟರ್ ಬರುವುದು ಎತ್ತರ ಸೊನ್ನೆ ಇದ್ದಾಗ. 1.5 ಮೀಟರ್ ಅಂದರೆ ಅಲ್ಲಿಗೆ ನೀರು ನಿಂತೇ ಹೋಗುತ್ತದೆ ಅಂತ. ಅದರ ಹತ್ತಿರದ ಎತ್ತರದಲ್ಲಿ ಓಡಿಸುತ್ತಿದ್ದರೆ ಹೊಸದರಲ್ಲಿ ಹೇಗೋ ನಡೆಯುತ್ತದೆ. ಪೈಪಿನಲ್ಲಿ ಸ್ವಲ್ಪ ಲೋಳೆ ಕಟ್ಟಿತೋ, ಮುಗಿಯಿತು.

ಒಬ್ಬರ ಮನೆಯಲ್ಲಿ ದಿನಾ ಸಂಜೆ ಮಾತ್ರ ಮೇಲಿನ ಸಾಲಿಗೆ ನೀರು ನಿಲ್ಲುತ್ತಿತ್ತು. ಬೆಳಿಗ್ಗೆ ಎಲ್ಲಾ ಸರಿ. ವೋಲ್ಟೇಜ್ ಇರಬೇಕು ಅಂತ ಅವರು ಸ್ಟೆಬಿಲೈಜರ್ ತರಲು ಹೊರಟಿದ್ದರು. ಪಂಪ್ ನೀರು ಎತ್ತಬೇಕಾದ ಎತ್ತರ ಲೆಕ್ಕ ಹಾಕುವುದು ಟ್ಯಾಂಕಿನ ನೀರಿನ ಮಟ್ಟದಿಂದ, ತಳದಿಂದಲ್ಲ. ಹಗಲಿಡೀ ಗಿಡ ನೀರು ಕುಡಿದು ಮಟ್ಟ ಒಂದು ಗೇಣು ಇಳಿಯುತ್ತಿತ್ತು, ಎತ್ತರ ಅಷ್ಟೇ ಜಾಸ್ತಿಯಾಗುತ್ತಿತ್ತು. ಬೆಳಿಗ್ಗೆ ಅವರೇ ಟ್ಯಾಂಕ್ ತುಂಬಿಸುತ್ತಿದ್ದರು, ಪಂಪ್ ಸರಿಹೋಗುತ್ತಿತ್ತು! ಟ್ಯಾಂಕನ್ನು ಎರಡು ಇಟ್ಟಿಗೆ ಮೇಲೆ ಇಟ್ಟು ಬಂದೆ.

ಪೈಪ್ ಕಟ್ಟಿಕೊಳ್ಳುವ ಜಾಗ ಬಹುತೇಕ ಎಲ್ಬೋ (ಪೈಪಿನ ಮೂಲೆ ತಿರುವು), ಇಲ್ಲವೇ ಪ್ರತಿ ಸಾಲಿಗೂ ಹೋಗುವ ಸಣ್ಣ ಟ್ಯೂಬಿನ ಬಾಯಿ. ಹಸಿರು ಬಂದಿದ್ದರೆ ಪೈಪಿನೊಳಗೆ ಬೆಳಕು ಹೋಗುತ್ತಿದೆ ಅಂತ, ಪಾರದರ್ಶಕ ಪೈಪ್ ತೆಗೆದು ಕಪ್ಪು ಪೈಪ್ ಹಾಕಿ. ಬಿಳಿ ಪುಡಿ ಬಂದಿದ್ದರೆ ಗೊಬ್ಬರ ಕಲಸುವುದು ಹೇಗೆ ಅಂತ ನಾನು ಕೇಳುತ್ತೇನೆ. ಗೊಬ್ಬರ ಬರುವ ಎ ಮತ್ತು ಬಿ ಎಂಬ ಎರಡು ಬಾಟಲಿಯ ದ್ರಾವಣಗಳನ್ನು ನೀರಿಗೆ ಹಾಕುವ ಮೊದಲೇ ಒಂದೇ ಮಗ್‌ನಲ್ಲಿ ಸೇರಿಸಿದರೆ ಒಂದರ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟ್, ಫಾಸ್ಫೇಟ್ ಜೊತೆ ಕೂಡಿ ತಳಕ್ಕೆ ಕೂರುತ್ತದೆ. ಗಿಡಕ್ಕೂ ಸಿಗಲ್ಲ, ಪೈಪಿಗೂ ಕೇಡು. ಪಿಎಚ್ 7 ದಾಟಿದರೂ ಇದೇ ಕಥೆ ನಿಧಾನಕ್ಕೆ ನಡೆಯುತ್ತದೆ.

ಟ್ಯಾಂಕ್ ತೊಳೆದು ಮತ್ತೆ ತುಂಬಿಸಿದ ಮೇಲೆ ನೀರು ಬರುತ್ತಿಲ್ಲ, ಮೋಟಾರ್ ಮಾತ್ರ ಹಗುರವಾಗಿ ತಿರುಗುವ ಸದ್ದು ಬರುತ್ತಿದೆ ಅಂದರೆ ಅದು ಬರಿ ಏರ್ ಲಾಕ್. ಪಂಪ್ ಒಳಗೆ ಗಾಳಿ ಹಿಡಿದಿದೆ. ಪ್ಲಗ್ ತೆಗೆದು ನೀರೊಳಗೇ ನಾಲ್ಕು ಸಲ ಅಲ್ಲಾಡಿಸಿ. ಪದೇ ಪದೇ ಹೀಗಾದರೆ ಪಂಪಿನ ಬಾಯಿಯ ಸ್ವಲ್ಪ ಮೇಲೆ, ನೀರಿನ ಮಟ್ಟದ ಕೆಳಗೆ, ಪೈಪಿಗೆ 2 ಮಿಲಿಮೀಟರ್ ತೂತು ಹಾಕಿ. ಸ್ವಲ್ಪ ನೀರು ಅಲ್ಲಿಂದ ವಾಪಸ್ ಬೀಳುತ್ತದೆ, ಬೀಳಲಿ. ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ.

ಎರಡನೆಯದು, ಗುಂಯ್ ಅನ್ನುವ ಪಂಪ್. ನನಗೆ ಇದೇ ಇಷ್ಟದ ಕೆಲಸ. ಮನೆಯಲ್ಲಿ ಬಳಸುವ ಸಣ್ಣ ಎಸಿ ಪಂಪ್‌ಗಳಲ್ಲಿ ಮೋಟಾರಿನ ತಂತಿಗೂ ನೀರಿಗೂ ನೇರ ಸಂಬಂಧವೇ ಇಲ್ಲ. ತಂತಿ ಸುರುಳಿ ಗಟ್ಟಿ ಎಪಾಕ್ಸಿಯೊಳಗೆ ಮುಚ್ಚಿಕೊಂಡಿರುತ್ತದೆ. ಹೊರಗೆ ಒಂದು ಗುಂಡಿ, ಅದರಲ್ಲಿ ಬೆರಳುದ್ದದ ಆಯಸ್ಕಾಂತ, ಅದರ ತಲೆಗೆ ನೀರು ತಳ್ಳುವ ರೆಕ್ಕೆಚಕ್ರ ಅಂದರೆ ಇಂಪೆಲರ್, ನಡುವೆ ಒಂದು ಪಿಂಗಾಣಿ ಕಡ್ಡಿ. ಇಷ್ಟೇ. ಸದ್ದು ಬರುತ್ತಿದೆ ಅಂದರೆ ಸುರುಳಿಗೆ ಕರೆಂಟ್ ಬರುತ್ತಿದೆ, ಆಯಸ್ಕಾಂತ ತಿರುಗಲು ಒದ್ದಾಡುತ್ತಿದೆ. ಇಂಥ ಮೋಟಾರಿಗೆ ಹೊರಡುವಾಗ ಬಲ ಬಹಳ ಕಡಿಮೆ. ಒಮ್ಮೆ ಹೊರಟರೆ ತಿಂಗಳುಗಟ್ಟಲೆ ತಿರುಗುತ್ತದೆ. ಅದಕ್ಕೇ ‘ಕರೆಂಟ್ ಹೋಗಿ ಬಂದ ಮೇಲೆ ಕೆಟ್ಟಿತು’ ಅನ್ನುವ ದೂರು ಅಷ್ಟು ಜಾಸ್ತಿ. ಕೊಳೆ ಮೊದಲೇ ಕೂತಿತ್ತು, ನಿಂತಾಗ ಗೊತ್ತಾಯಿತು ಅಷ್ಟೇ.

ಮುಂದಿನ ಮುಚ್ಚಳ ತಿರುಗಿಸಿ ತೆಗೆಯಿರಿ, ಇಂಪೆಲರ್ ಎಳೆದರೆ ಬರುತ್ತದೆ. ಆಯಸ್ಕಾಂತದ ಎಳೆತ ಇರುತ್ತದೆ, ಹೆದರಬೇಡಿ. ಬೇರಿನ ಎಳೆ ಕಡ್ಡಿಗೆ ದಾರದ ಹಾಗೆ ಸುತ್ತಿಕೊಂಡಿರಬಹುದು. ಗುಂಡಿಯೊಳಗೆ ಲೋಳೆ ಇರಬಹುದು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಬಿಳಿ ಗಟ್ಟಿ ಪದರ ಇದ್ದರೆ ವಿನೆಗರ್ ಅಥವಾ ನಿಂಬೆ ಹುಳಿ ಪುಡಿ ಕರಗಿಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಚಾಕುವಿನಿಂದ ಕೆರೆಯಬೇಡಿ. ಚೆನ್ನಾಗಿ ತೊಳೆದು ಜೋಡಿಸಿ.

ಇಲ್ಲಿ ಎರಡು ವಿಷಯಕ್ಕೆ ಬಹಳ ಜನ ಮೋಸ ಹೋಗುತ್ತಾರೆ. ಇಂಪೆಲರ್ ಆಯಸ್ಕಾಂತದ ಮೇಲೆ ಸ್ವಲ್ಪ ದೂರ ಸಡಿಲವಾಗಿ ತಿರುಗಿ ಆಮೇಲೆ ಹಿಡಿಯುತ್ತದೆ. ‘ಮುರಿದಿದೆ’ ಅಂದುಕೊಂಡು ಅಂಟು ಹಾಕಿದವರಿದ್ದಾರೆ. ಮುರಿದಿಲ್ಲ ಸ್ವಾಮಿ, ಅದನ್ನು ಮಾಡಿರುವುದೇ ಹಾಗೆ. ನೀರಿನ ಭಾರ ಬೀಳುವ ಮೊದಲು ಆಯಸ್ಕಾಂತ ಒಂದಿಷ್ಟು ವೇಗ ಪಡೆಯಲಿ ಅಂತ ಆ ಸಡಿಲ. ಅಂಟು ಬಿದ್ದರೆ ಪಂಪ್ ಹೊರಡುವುದೇ ಕಷ್ಟ. ಇನ್ನೊಂದು, ಕಡ್ಡಿಯ ತುದಿಯ ಪುಟ್ಟ ರಬ್ಬರ್ ಬುಷ್. ತೊಳೆಯುವಾಗ ಸಿಂಕಿನಲ್ಲಿ ಹೋಗುವುದು ಇದೇ. ಅದಿಲ್ಲದೆ ಜೋಡಿಸಿದರೆ ಗಡಗಡ ಸದ್ದು ಬರುತ್ತದೆ, ಕೊನೆಗೆ ಪಿಂಗಾಣಿ ಕಡ್ಡಿಯೇ ಮುರಿಯುತ್ತದೆ. ತಟ್ಟೆ ಇಟ್ಟುಕೊಂಡು ತೊಳೆಯಿರಿ.

ಎಲ್ಲಾ ತೊಳೆದರೂ ಬಿಗಿಯಾಗಿದ್ದರೆ ಆಯಸ್ಕಾಂತವನ್ನೇ ಸವರಿ ನೋಡಿ. ಮೇಲಿನ ಲೇಪ ಬಿರಿದು ನೀರು ಇಳಿದರೆ ಅದು ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಗುಂಡಿಯ ಗೋಡೆಗೆ ಉಜ್ಜುತ್ತದೆ. ಮರಳು ಕಾಗದದಲ್ಲಿ ತಿಕ್ಕಿ ಸರಿ ಮಾಡಿದ್ದೇವೆ ಅನ್ನುವವರಿಗೆ ನನ್ನ ಒಪ್ಪಿಗೆ ಇಲ್ಲ, ಆ ತುಕ್ಕು ಗಿಡದ ನೀರಿಗೇ ಬೀಳುತ್ತದೆ. ಆಯಸ್ಕಾಂತ ಸಮೇತ ಇಂಪೆಲರ್ ಬದಲಾಯಿಸಿ, ಇಡೀ ಪಂಪ್ ಬೇಕಾಗಿಲ್ಲ.

ಉಸಿರೇ ಇಲ್ಲದ ಪಂಪಿಗೆ ಹೇಳುವುದು ಕಡಿಮೆ. ಸಾಕೆಟ್‌ಗೆ ಬೇರೆ ಏನಾದರೂ ಚುಚ್ಚಿ ನೋಡಿ. ಟೈಮರ್ ತಪ್ಪಿಸಿ ನೇರ ಹಾಕಿ ನೋಡಿ. ತಿರುಗುವ ಡಯಲ್‌ನ ಟೈಮರ್ ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ, ಅದು ಪಂಪಿನ ತಪ್ಪಲ್ಲ. ಡಿಸಿ ಪಂಪಾದರೆ ಮೊದಲು ಅಡಾಪ್ಟರ್ ಮೇಲೆ ಅನುಮಾನ. ಸುಮ್ನೆ ಅಳೆದರೆ ಸರಿಯಾಗಿ 12 ವೋಲ್ಟ್ ತೋರಿಸುತ್ತದೆ, ಪಂಪ್ ಜೋಡಿಸಿದ ಕೂಡಲೇ ಕುಸಿಯುತ್ತದೆ. ಜೋಡಿಸಿಯೇ ಅಳೆಯಿರಿ. ಎಲ್ಲಾ ಸರಿ ಇದ್ದೂ ಸದ್ದಿಲ್ಲ ಅಂದರೆ ಸುರುಳಿ ಸುಟ್ಟಿದೆ. ನೀರಿಲ್ಲದೆ ಓಡಿದ್ದೇ ಬಹಳ ಸಲ ಕಾರಣ. ಈ ಪಂಪ್‌ಗಳಿಗೆ ತಂಪೂ ನೀರೇ, ಎಣ್ಣೆಯೂ ನೀರೇ.

ಬೇರು ಪೂರ್ತಿ ನೀರಲ್ಲಿ ಮುಳುಗಿರುವ ಡಬ್ಬದ ಪದ್ಧತಿಯಲ್ಲಿ ಕೆಡುವುದು ಗಾಳಿ ಪಂಪ್. ಇಲ್ಲಿ ನೀರಿದೆ, ಉಸಿರಿಲ್ಲ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ. ಸೆಕೆಯಲ್ಲಿ ಬೇರಿಗೆ ಬೇಕಾದ್ದು ಮಾತ್ರ ಹೆಚ್ಚುತ್ತದೆ. ರಿಪೇರಿ ಆಗುವವರೆಗೆ ನೀರಿನ ಮಟ್ಟ ನಾಲ್ಕು ಬೆರಳು ಇಳಿಸಿ, ಮೇಲಿನ ಬೇರು ಗಾಳಿಗೆ ಬರಲಿ. ಆಗಾಗ ಮಗ್‌ನಿಂದ ನೀರು ಎತ್ತಿ ಮೇಲಿಂದ ಸುರಿಯಿರಿ. ಪಂಪ್ ಸದ್ದು ಮಾಡುತ್ತಿದ್ದು ಗುಳ್ಳೆ ಬರದಿದ್ದರೆ ಟ್ಯೂಬಿನ ತುದಿಯಲ್ಲಿ ಗುಳ್ಳೆ ಬಿಡುವ ಗಾಳಿಕಲ್ಲು ಕಟ್ಟಿದೆ, ಇಲ್ಲವೇ ಒಳಗಿನ ರಬ್ಬರ್ ಪೊರೆ ಹರಿದಿದೆ. ಟ್ಯೂಬ್ ಕಿತ್ತು ಪಂಪಿನ ಬಾಯಿಗೆ ಬೆರಳಿಟ್ಟರೆ ಯಾವುದು ಅಂತ ಗೊತ್ತಾಗುತ್ತದೆ. ಗಾಳಿ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಟ್ಯೂಬಿಗೆ ಒಂದು ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ಹಾಕಿ. ಕರೆಂಟ್ ಹೋದಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೇ ಬಂದ ಮನೆ ನೋಡಿದ್ದೇನೆ.

ನೀರಿನ ಪಂಪ್ ಸರಿ ಮಾಡಿ ಹೊರಡುವ ಮೊದಲು ನಾನು ಒಂದು ಲೀಟರ್ ಬಾಟಲಿ ತೆಗೆದುಕೊಂಡು ಪೈಪಿನ ಮೇಲ್ತುದಿಗೆ ಹಿಡಿಯುತ್ತೇನೆ. ತುಂಬಲು ಎಷ್ಟು ಸೆಕೆಂಡ್ ಆಯಿತು ಅಂತ ಟ್ಯಾಂಕಿನ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ತಾರೀಖು. 20 ಸೆಕೆಂಡ್ ಇದ್ದದ್ದು ಮುಂದೊಂದು ದಿನ 30 ಆದರೆ ಪಂಪ್ ತೊಳೆಯುವ ದಿನ ಬಂತು ಅಂತ. ಕೊನೆಗೆ ಪ್ಲಗ್ ಒಮ್ಮೆ ಕಿತ್ತು ಮತ್ತೆ ಹಾಕುತ್ತೇನೆ. ನಿಂತ ಪಂಪ್ ತಾನಾಗಿ ಹೊರಟರೆ ಮಾತ್ರ ಬ್ಯಾಗ್ ಹೆಗಲಿಗೆ.